ರಂಗಪ್ಪನವರು ಹಿಡಿದ ಬಾಗಿಲು

ಮಗಳು ಹೊಸ ಕಾರು ತಂದಿದ್ದಾಳೆ. ಮೊನ್ನೆ ವಿಜಯನಗರದ ಮಾರ್ಕೆಟ್ಟಿನಲ್ಲಿ ತರಕಾರಿ ಚೀಲ ಇಟ್ಟು, ಡಿಕ್ಕಿಯ ಬಾಗಿಲು ಮುಚ್ಚಲು ಕೈ ಎತ್ತಿದೆ. "ಅಪ್ಪಾ, ಮುಟ್ಬೇಡಿ! ಅದೇ ಮುಚ್ಕೊಳತ್ತೆ" ಎಂದು ಗುಂಡಿ ಒತ್ತಿದಳು. ಬಾಗಿಲು ಮೆಲ್ಲಗೆ ತಾನೇ ಇಳಿಯಿತು. ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ತಲೆ ಕೆರೆದುಕೊಂಡೆ. ನಿವೃತ್ತಿಯಾದ ಮೇಲೆ ನನ್ನ ತಲೆಗೆ ಇಂಥ ಕೆರೆತ ಹೆಚ್ಚಾಗಿದೆ, ನೋಡಿ. ಆಗ ನೆನಪಾದವರು ರಂಗಪ್ಪನವರು.

ಉಲ್ಲಾಳದಲ್ಲಿ ನಾನು ಆಫೀಸಿನ ಬಸ್ಸು ಹಿಡಿಯುತ್ತಿದ್ದ ಕಡೆ, ಅವರ ಹೆಂಡತಿ ಸರೋಜಮ್ಮ ಹಳೆಯ ಕಾರಿನ ಡಿಕ್ಕಿಯಲ್ಲಿ ತಟ್ಟೆ ಇಡ್ಲಿ ಮಾರುತ್ತಿದ್ದರು. ಆ ಚಟ್ನಿಗಾಗಿ ಎಷ್ಟು ಬಸ್ಸು ಬಿಟ್ಟೆನೋ! ಮೇಲೆತ್ತಿದ ಬಾಗಿಲೇ ಅಂಗಡಿಯ ಸೂರು. ಅದನ್ನು ಎತ್ತಿ ನಿಲ್ಲಿಸಬೇಕಾದ ಎರಡು ಗ್ಯಾಸ್ ಸ್ಪ್ರಿಂಗುಗಳು ಯಾವತ್ತೋ ಕೈಕೊಟ್ಟಿದ್ದವು. ಹಾಗಾಗಿ ರಂಗಪ್ಪನವರೇ ಹಿಡಿದು ನಿಲ್ಲುತ್ತಿದ್ದರು. ರಾಜಾಜಿನಗರದ ಕಾರ್ಖಾನೆ ಮುಚ್ಚಿದ ಮೇಲೆ ಅವರಿಗೆ ಬೇರೆ ಕೆಲಸ ಸಿಕ್ಕಿರಲಿಲ್ಲ. ಬಡಿಸಲು ನಿಂತರೆ ಅರ್ಧ ಚಟ್ನಿ ಗಿರಾಕಿಯ ಅಂಗಿಗೆ. ಆದರೆ ಒಂದು ಕೈ ಮೇಲಿಟ್ಟು ಊರ ಸಮಾಚಾರ ಹೇಳುವಾಗ ಅಂಗಡಿಯ ಯಜಮಾನರು ಅವರೇ. ಒಂದು ಕೋಲು ಕೊಟ್ಟು ನಿಲ್ಲಿಸಬಾರದೇ ಎಂದರೆ, "ಕೋಲು ಮಾತಾಡತ್ತಾ ಸಾರ್?" ಎನ್ನುತ್ತಿದ್ದರು.

ಒಂದು ದಿನ ಬಾಗಿಲು ಅವರ ಕೈ ಜಾರಿ ಸರೋಜಮ್ಮನವರ ಭುಜಕ್ಕೆ ಬಡಿಯಿತು. ಮರುದಿನವೇ ಮೆಕ್ಯಾನಿಕ್ ಬಾಷಾ ಬಂದ. ರಂಗಪ್ಪನವರು ಬಾಗಿಲು ಹಿಡಿದಿದ್ದಂತೆಯೇ ಹಳೆಯ ಸ್ಪ್ರಿಂಗುಗಳನ್ನು ಕಳಚಿ ಹೊಸವನ್ನು ಟಕ್ಕೆಂದು ಕೂರಿಸಿದ.

"ಅಣ್ಣಾ, ಕೈ ಬಿಡಿ."

ಅವರು ಬಿಡಲಿಲ್ಲ.

"ಬಿಡಿ ಅಣ್ಣಾ, ನಿಲ್ಲತ್ತೆ."

ಬಿಟ್ಟರು. ಬಾಗಿಲು ಅಲುಗಾಡದೆ ನಿಂತಿತು. ರಂಗಪ್ಪನವರು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, "ಸರಿ ಕಣೇ, ನಾಳೆಯಿಂದ ನಾನ್ಯಾಕೆ ಬರ್ಲಿ? ಮನೇಲೇ ಇರ್ತೀನಿ" ಎಂದರು. ನಗುತ್ತಲೇ ಅಂದರು.

ಸರೋಜಮ್ಮ ಬಾಗಿಲು ಮುಚ್ಚಿ ನೋಡಲು ಕೈ ಚಾಚಿದರು. ಗಿಡ್ಡ ಹೆಂಗಸು; ತುದಿಗಾಲಲ್ಲಿ ನಿಂತರೂ ಎಟುಕಲಿಲ್ಲ.

"ಅದಕ್ಕೇನಮ್ಮಾ, ಬ್ರಾಕೆಟ್ ಒಂಚೂರು ಅಡ್ಜಸ್ಟ್ ಮಾಡ್ತೀನಿ. ಇಷ್ಟು ಮೇಲಕ್ಕೆ ಹೋಗಲ್ಲ, ನಿಮ್ಮ ಕೈಗೇ ಸಿಗತ್ತೆ" ಎಂದು ಬಾಷಾ ಸ್ಪ್ಯಾನರ್ ತೆಗೆದ.

ಆಕೆ ಗಂಡನ ಮುಖ ನೋಡಿದರು. "ಬೇಡಪ್ಪಾ, ಹೀಗೇ ಇರ್ಲಿ. ಮುಚ್ಚೋಕೆ ಇವ್ರು ಬರ್ತಾರಲ್ಲ."

ಮರುದಿನ ನಾನು ಹೋಗುವಷ್ಟರಲ್ಲಿ ರಂಗಪ್ಪನವರು ಯಾರಿಗೋ ಮೆಟ್ರೋ ವಿಷಯ ಹೇಳುತ್ತಿದ್ದರು. ಕೈ ಮೇಲಿರಲಿಲ್ಲ, ಅಷ್ಟೇ. ಗಂಡ ಹೆಂಡಿರ ಸರಸ ಎಂದುಕೊಂಡು ನಕ್ಕು ಬಸ್ಸು ಹತ್ತಿದ್ದೆ. ಆಕೆ ಅವತ್ತು ಎಂಥ ದೊಡ್ಡ ಉಪಕಾರ ಮಾಡಿದರೆಂದು ಈಗ ಅರ್ಥವಾಗುತ್ತಿದೆ.

ಮೊನ್ನೆ ಮಾರ್ಕೆಟ್ಟಿನಿಂದ ಮನೆಗೆ ಬರುವ ದಾರಿಯಲ್ಲಿ ಇದನ್ನೆಲ್ಲ ಮಗಳಿಗೆ ಹೇಳಿದೆ. ಅವಳು ಹೊಸಹಳ್ಳಿಯ ನಮ್ಮ ಇಕ್ಕಟ್ಟಾದ ಗಲ್ಲಿಗೆ ಬಂದು ಕಾರು ನಿಲ್ಲಿಸಿ, "ಅಪ್ಪಾ, ರಿವರ್ಸ್ ತಗೋಬೇಕು. ಸ್ವಲ್ಪ ಇಳಿದು ಹಿಂದೆ ನೋಡ್ತೀರಾ?" ಎಂದಳು.

ಆ ಕಾರಿಗೆ ಹಿಂದೆ ಕ್ಯಾಮೆರಾ ಇದೆ. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ನಾನು ಇಳಿದು ಗಲ್ಲಿಯ ಮಧ್ಯೆ ನಿಂತು, ಅಕ್ಕಪಕ್ಕದ ಮನೆಯವರಿಗೆಲ್ಲ ಕೇಳುವಂತೆ, "ಬರ್ಲಿ, ಬರ್ಲಿ, ಬರ್ಲಿ!" ಎಂದು ಕೂಗಿದೆ.