ಎರಡು ಡಿಸ್ಕಿಗೆ ಅರಿಸಿನ ಕುಂಕುಮ

ನಮ್ಮ ಮನೆಯ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿದ್ದಾಯಿತು. ಹಾಕಿದವಳು ನನ್ನ ಮೊಮ್ಮಗಳು. ಈ ಎರಡು ಮಾತನ್ನು ಕಾಶಿಯ ನಮ್ಮ ಶಿವಾಲದ ಗಲ್ಲಿಯಲ್ಲಿ ಹಾಲಿನವನಿಗೆ, ತರಕಾರಿಯವಳಿಗೆ, ಘಾಟಿನ ಮೆಟ್ಟಿಲ ಮೇಲೆ ಕಾಲು ನೀವಿಕೊಳ್ಳುತ್ತಿದ್ದ ಗುರುತಿಲ್ಲದ ಯಾತ್ರಿಕರೊಬ್ಬರಿಗೂ ಹೇಳಿಬಿಟ್ಟಿದ್ದೇನೆ. ಬಾಕಿ ಉಳಿದವರು ನೀವೇ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಸಂತೋಷ ಹೆಚ್ಚಾದರೆ ಒತ್ತಕ್ಷರಗಳು ನನ್ನ ಮಾತು ಕೇಳುವುದಿಲ್ಲ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಯಜಮಾನರದು ಪೌರೋಹಿತ್ಯ. ಕರ್ನಾಟಕದಿಂದ ಕಾಶಿಗೆ ಬಂದವರಿಗೆ ಶ್ರಾದ್ಧ, ಪಿಂಡಪ್ರದಾನ ಮಾಡಿಸುತ್ತಾರೆ. ಬಂದವರು ತಮ್ಮ ಹೆಸರು, ತಂದೆ ತಾತಂದಿರ ಹೆಸರು, ಊರು ಬರೆದು ರುಜು ಹಾಕುವ ಉದ್ದುದ್ದ ವಹಿಗಳು ನಮ್ಮ ಮಾವನವರ ಕಾಲಕ್ಕೂ ಹಿಂದಿನಿಂದ ಮನೆಯಲ್ಲಿವೆ. "ನಮ್ಮ ಮುತ್ತಾತ ಇಲ್ಲಿಗೆ ಬಂದಿದ್ರಂತೆ" ಎಂದು ಯಾರಾದರೂ ಬಾಗಿಲಿಗೆ ಬಂದರೆ ಪುಟ ಹುಡುಕಿ ಆ ಮುತ್ತಾತನ ಅಕ್ಷರವನ್ನು ತೋರಿಸಬೇಕು. ಎಷ್ಟೋ ಜನ ಆ ರುಜುವನ್ನು ಕಣ್ಣಿಗೊತ್ತಿಕೊಂಡು ಅತ್ತದ್ದನ್ನು ನೋಡಿದ್ದೇನೆ.

ಕಾಗದಗಳು ಪುಡಿಯಾಗುತ್ತಿದ್ದವು. ಭೇಲೂಪುರದಲ್ಲಿರುವ ನನ್ನ ಮಗಳ ಮಗಳು ಕಂಪ್ಯೂಟರ್ ಓದುತ್ತಿದ್ದಾಳೆ. ವಹಿಗಳ ಪುಟಗಳನ್ನು ಚಿತ್ರವಾಗಿ ತೆಗೆದಿಡಲೆಂದು ಅವಳೇ ಒಂದು ಹಳೆಯ ಕಂಪ್ಯೂಟರನ್ನೂ ಸ್ಕ್ಯಾನರನ್ನೂ ತಂದುಕೊಟ್ಟಳು. ಪೆಟ್ಟಿಗೆಯ ಮುಂದೆ ಎರಡು ಖಾನೆ. ಎಳೆದರೆ ಮೇಜಿನ ಡ್ರಾಯರಿನ ಹಾಗೆ ಒಂದೊಂದು ಹಾರ್ಡ್ ಡಿಸ್ಕ್ ಹೊರಗೆ ಬರುತ್ತದೆ.

"ಅಜ್ಜಿ, ಇದಕ್ಕೆ ರೇಡ್ ಅಂತಾರೆ. ಇದರಲ್ಲಿ ಬರೆದಿದ್ದೆಲ್ಲ ತಾನಾಗೇ ಅದರಲ್ಲೂ ಬರೆಯತ್ತೆ. ಒಂದು ಖರಾಬ್ ಆದರೆ ಇನ್ನೊಂದು ಇರತ್ತೆ. ಸಮಝೀ?" ಎಂದಳು.

ಸಮಝೀ ಅಂದರೆ ಎಷ್ಟು! ಸ್ವಲ್ಪ ಹೆಚ್ಚೇ ಅರ್ಥವಾಯಿತು.

ನಮ್ಮ ಮನೆಯಲ್ಲೊಂದು ಪದ್ಧತಿಯಿದೆ. ಗಂಗೆ ಉಕ್ಕಿ ಗಲ್ಲಿಯ ಬಾಯಿಗೆ ಬಂದಳೆಂದರೆ ಜೋಡಿಯಾಗಿರುವ ಸಾಮಾನಿನಲ್ಲಿ ಒಂದು ನಮ್ಮ ಅಟ್ಟಕ್ಕೆ ಹೋಗುತ್ತದೆ, ಇನ್ನೊಂದು ಹೊಳೆಯಾಚೆ ರಾಮನಗರದಲ್ಲಿರುವ ನನ್ನ ತಂಗಿಯ ಮನೆಗೆ. ಜೋಡಿ ದೀಪ, ಜೋಡಿ ಬೆಳ್ಳಿ ಲೋಟ, ಎಲ್ಲಕ್ಕೂ ಇದೇ ಲೆಕ್ಕ. ಹೋದ ಮಳೆಗಾಲದಲ್ಲಿ ನೀರು ಏರಿದಾಗ ಜೋಡಿ ಡಿಸ್ಕಿನಲ್ಲಿ ಒಂದನ್ನು ಎಳೆದು, ರೇಷ್ಮೆ ಬಟ್ಟೆಯಲ್ಲಿ ಸುತ್ತಿ ತಂಗಿಗೆ ಕಳಿಸಿದೆ. ಅವಳು ಅದನ್ನು ಅಕ್ಕಿ ಡಬ್ಬದಲ್ಲಿಟ್ಟಳು. ಆಮೇಲೆ ಇಬ್ಬರೂ ಮರೆತೆವು. ಅಂದಿನಿಂದ ಕಂಪ್ಯೂಟರ್ ಹಚ್ಚಿದಾಗಲೆಲ್ಲ ಕೀಂ ಕೀಂ ಎಂದು ಕೂಗುತ್ತಿತ್ತು. ಯಜಮಾನರು ಕೇಳಿದರೆ "ಥಂಡಿಗೆ ಗಂಟಲು ಕಟ್ಟಿದೆ ರೀ" ಎಂದು ಹೇಳಿ ಒಂದು ಗುಂಡಿ ಒತ್ತಿಬಿಡುತ್ತಿದ್ದೆ.

ಆ ನೆರೆಯಲ್ಲೇ ಕೆಂಪು ಬಟ್ಟೆಯ ವಹಿ ನೆನೆದುಹೋಯಿತು. ಒಣಗಿಸಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಯಜಮಾನರೂ ನಾನೂ ಕೂತು ಒಂದೊಂದು ಪುಟವನ್ನೂ ಸ್ಕ್ಯಾನ್ ಮಾಡಿ ಮುಗಿಸಿದೆವು. ಪುಡಿಯಾದ ಕಾಗದವನ್ನು ಕಸಕ್ಕೆ ಹಾಕುವ ಹಾಗಿಲ್ಲ, ಹಿರಿಯರ ಹೆಸರಿದೆ. ಕೈಮುಗಿದು ಗಂಗೆಗೆ ಬಿಟ್ಟೆವು.

ಈಗ ಮೊನ್ನೆಯ ಬೆಳಗ್ಗೆಗೆ ಬರುತ್ತೇನೆ. ಹಳೆಯ ಸಿಸ್ಟಂ ತೆವಳುತ್ತಿದ್ದುದರಿಂದ ಹೊಸದನ್ನು ಹಾಕುತ್ತೇನೆಂದು ಮೊಮ್ಮಗಳು ಪೆನ್‌ಡ್ರೈವ್ ಹಿಡಿದು ಬಂದಳು. ಬಂದವಳು ಪೆಟ್ಟಿಗೆ ನೋಡಿ ಸೊಂಟದ ಮೇಲೆ ಕೈಯಿಟ್ಟಳು.

"ಅಜ್ಜಿ, ದೂಸ್ರಾ ಡಿಸ್ಕ್ ಎಲ್ಲಿ?"

"ರಾಮನಗರದಲ್ಲಿ. ಕ್ಷೇಮವಾಗಿದೆ."

"ರಾಮನಗರದಲ್ಲಾ? ಅರೇ, ಅದೇನು ತೀರ್ಥಯಾತ್ರೆಗೆ ಹೋಗಿದ್ಯಾ?"

ಯಜಮಾನರು ಕೈಯಲ್ಲಿದ್ದ ದರ್ಭೆಯನ್ನು ಕೆಳಗಿಟ್ಟರು. "ಗಂಟಲು ಕಟ್ಟಿದೆ ಅಂದ್ಯಲ್ಲೇ ಇವಳೇ!"

"ಕಟ್ಟಿತ್ತು ರೀ, ಜೊತೆಯದು ಇಲ್ಲದೆ."

ಯಜಮಾನರೇ ಆಟೋ ಹಿಡಿದು ಸೇತುವೆ ದಾಟಿ ಹೋಗಿ ತಂದರು. ಅಷ್ಟರಲ್ಲಿ ಮೊಮ್ಮಗಳು ಮನೆಯ ಡಿಸ್ಕನ್ನೂ ಹೊರಗೆಳೆದು ಮೇಜಿನ ಮೇಲಿಟ್ಟು, ಖಾನೆಯ ಧೂಳಿಗೆ ಕುಂಚ ತರಲು ಪಕ್ಕದ ಮನೆಗೆ ಹೋಗಿದ್ದಳು. ನಾನೇನು ಮಾಡಿದೆ ಕೇಳಿ. ಹೊಳೆಯಾಚೆಯಿಂದ ಬಂದದ್ದನ್ನು ಹಾಗೇ ಒಳಗೆ ಕರೆದುಕೊಳ್ಳುವುದುಂಟೆ? ಒಂದಕ್ಕೆ ಬೊಟ್ಟಿಟ್ಟು ಇನ್ನೊಂದಕ್ಕೆ ಬಿಡುವುದುಂಟೆ? ಎರಡನ್ನೂ ಒಣಬಟ್ಟೆಯಲ್ಲಿ ಒರೆಸಿ, ಹರಿವಾಣದಲ್ಲಿಟ್ಟು, ಅರಿಸಿನ ಕುಂಕುಮ ಹಚ್ಚಿ, ಆರತಿ ಎತ್ತಿದೆ. ಮದುಮಕ್ಕಳ ಹಾಗೆ ಕಂಡವು.

ಕುಂಚ ಹಿಡಿದು ಬಂದ ಮೊಮ್ಮಗಳು ಹರಿವಾಣ ನೋಡಿದಳು. ನನ್ನನ್ನು ನೋಡಿದಳು.

"ಅಜ್ಜಿ, ಇದರಲ್ಲಿ ಮನೇದು ಯಾವುದು?"

ಎರಡೂ ಒಂದೇ ಬಣ್ಣ, ಒಂದೇ ಅಳತೆ. ಈಗ ಬೊಟ್ಟೂ ಒಂದೇ.

ಅವಳು ನಿಧಾನವಾಗಿ ಬಿಡಿಸಿ ಹೇಳಿದಳು. ಎರಡನ್ನೂ ಸೇರಿಸಿದರೆ ಒಂದರಲ್ಲಿರುವುದನ್ನು ಇನ್ನೊಂದರ ಮೇಲೆ ಅಚ್ಚೊತ್ತಬೇಕು. ಯಾವುದು ಮೂಲ ಎಂದು ತಾನು ತೋರಿಸಬೇಕು. ರಾಮನಗರದ್ದನ್ನು ಮೂಲ ಎಂದು ತೋರಿಸಿಬಿಟ್ಟರೆ ನೆರೆ ಆದಮೇಲೆ ಸೇರಿಸಿದ್ದೆಲ್ಲ ಅಳಿಸಿಹೋಗುತ್ತದೆ.

"ಕೆಂಪು ವಹಿ!" ಎಂದರು ಯಜಮಾನರು. "ಅದನ್ನ ಗಂಗೆಗೆ ಬಿಟ್ಟಾಗಿದೆ. ಬರೆದವರ ಮೊಮ್ಮಕ್ಕಳು ಬಂದು ಕೇಳಿದರೆ ಯಾರ ರುಜು ತೋರಿಸ್ಲೇ ನಾನು?"

ನನ್ನ ತಮಾಷೆಯೆಲ್ಲ ಎಲ್ಲೋ ಹೋಯಿತು.

ಮೊಮ್ಮಗಳು ಮಾತ್ರ ಹೆದರಲಿಲ್ಲ. "ಒಂದೊಂದನ್ನೇ ಹಾಕಿ ನೋಡೋಣ, ತಾತ" ಎಂದು ಕುಂಕುಮ ಒರೆಸಿ ಮೊದಲನೆಯದನ್ನು ಖಾನೆಗೆ ತಳ್ಳಿದಳು. ಹಳೆಯ ಸಿಸ್ಟಂ ಕುಂಟುತ್ತ ತೆರೆಯಿತು. ವಹಿಗಳ ಸಾಲಿನಲ್ಲಿ ಕೆಂಪು ವಹಿ ಇರಲಿಲ್ಲ. ಯಜಮಾನರು ಹಾಗೇ ನೆಲಕ್ಕೆ ಕೂತರು. ಅವಳು ಅದನ್ನು ತೆಗೆದು ಎರಡನೆಯದನ್ನು ಹಾಕಿದಳು. ಅದು ಕಟಕಟ ಅಂದಿತು, ಸುಮ್ಮನಾಯಿತು, ಮತ್ತೆ ಕಟಕಟ ಅಂದಿತು. ನಾನು ಕಣ್ಣು ಮುಚ್ಚಿಕೊಂಡೆ.

"ಅಜ್ಜಿ, ಇದ್ಯಾರ ಬೆರಳು?"

ಕಣ್ಣು ಬಿಟ್ಟರೆ ಪರದೆಯ ತುಂಬ ಹಳದಿ ಪುಟ, ಮೂಲೆಯಲ್ಲಿ ದಪ್ಪನೆಯ ನನ್ನ ಹೆಬ್ಬೆರಳು! ನೆನೆದು ಒಣಗಿದ ಕಾಗದ ಸುರುಳಿ ಸುತ್ತುತ್ತಿತ್ತೆಂದು ಒತ್ತಿ ಹಿಡಿದಿದ್ದೆ. ಮುಂದಿನ ಪುಟದಲ್ಲೂ ಬೆರಳು, ಅದರ ಮುಂದಿನದರಲ್ಲೂ ಬೆರಳು. ಕೆಂಪು ವಹಿಯ ಅಷ್ಟೂ ಹಿರಿಯರ ಪಕ್ಕದಲ್ಲಿ ನಾನು ಹಾಜರಿದ್ದೆ. ಯಜಮಾನರು ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ. ಅವರಿಗೂ ತಿಳಿದಿರಲಿಕ್ಕಿಲ್ಲ.

ಅವಳು ಮೊದಲು ಎಲ್ಲ ವಹಿಗಳನ್ನೂ ತನ್ನ ಇನ್ನೊಂದು ಪೆನ್‌ಡ್ರೈವಿಗೆ ತುಂಬಿಕೊಂಡಳು. "ಜೋಡಿ ಡಿಸ್ಕ್ ಇದ್ದರೂ ಹೊರಗೊಂದು ಪ್ರತಿ ಇಡಲೇಬೇಕು ಅಜ್ಜಿ. ಅದನ್ನ ರಾಮನಗರಕ್ಕೆ ಕಳಿಸು. ಡಿಸ್ಕ್ ಕಳಿಸಬೇಡ."

ಆಮೇಲೆ ಬೆರಳಿದ್ದ ಡಿಸ್ಕನ್ನು ಮೂಲವೆಂದು ತೋರಿಸಿದಳು. ಇನ್ನೊಂದರ ಮೇಲೆ ಅಚ್ಚಾಗಲು ನಮ್ಮ ಅಡುಗೆ, ಊಟ, ಒಂದು ನಿದ್ದೆ ಎಲ್ಲ ಮುಗಿಯುವಷ್ಟು ಹೊತ್ತು ಹಿಡಿಯಿತು. ಮಧ್ಯಾಹ್ನ ಕಳೆದು ಹೊಸ ಸಿಸ್ಟಂ ಹಾಕಲು ಕೂತರೆ ಅದು ಡಿಸ್ಕೇ ಕಾಣುತ್ತಿಲ್ಲ ಎಂದಿತು! ಇನ್ನೊಂದು ಆರತಿ ಎತ್ತೋಣವೆಂದು ನಾನು ಹರಿವಾಣದ ಕಡೆ ಓಡಿದೆ.

"ಏನೂ ಆಗಿಲ್ಲ, ಕೂತ್ಕೋ" ಎಂದು ನಕ್ಕಳು. "ಇದಕ್ಕೆ ರೇಡ್ ಗುರುತಿಲ್ಲ. ನಾನು ಪರಿಚಯ ಮಾಡಿಸ್ಬೇಕು." ಅದಕ್ಕೆಂದೇ ತಂದಿದ್ದ ಪುಟ್ಟ ಫೈಲೊಂದನ್ನು ಹೊಸ ಸಿಸ್ಟಂಗೆ ತೋರಿಸಿದಳು. ತಕ್ಷಣ ಎರಡು ಡಿಸ್ಕೂ ಸೇರಿ ಒಂದಾಗಿ ಕಾಣಿಸಿದವು. ಹಳೆಯ ಸಿಸ್ಟಂ ಇದ್ದ ಭಾಗವನ್ನಷ್ಟೇ ಅಳಿಸಿ, ವಹಿಗಳ ಭಾಗವನ್ನು ಮುಟ್ಟದೆ ಮುಂದೆ ಹೋದಳು. ಕನ್ನಡ ಓದು ಎಂದರೆ ಹಿಂದಿಯಲ್ಲಿ ಜಗಳ ತೆಗೆಯುವ ಹುಡುಗಿ ಆ ಪರದೆಯ ಇಂಗ್ಲಿಷನ್ನು ನನಗೆ ಸಾಲುಸಾಲಾಗಿ ಕನ್ನಡದಲ್ಲಿ ಹೇಳುತ್ತ ಬಂದಳು. ನನಗೆ ಅದಕ್ಕಿಂತ ಬೇರೆ ಹಬ್ಬ ಬೇಕೇ?

ಕೊನೆಗೆ ಅದು ಕೇಳಿತು, ಈ ಕಂಪ್ಯೂಟರ್ ಯಾರದು ಎಂದು. ಯಜಮಾನರು ಗಂಟಲು ಸರಿಮಾಡಿಕೊಂಡು ಹತ್ತಿರ ಬಂದರು. ಮೊಮ್ಮಗಳು ಅವರತ್ತ ನೋಡದೆ 'ಅಜ್ಜಿ' ಎಂದು ಬರೆದಳು.

"ವಹಿ ನಮ್ಮಪ್ಪಂದು ಕಣಮ್ಮ" ಎಂದರು ಅವರು.

"ಬೆರಳು ಅಜ್ಜೀದು, ತಾತ."

ಇನ್ನು ಪಾಸ್‌ವರ್ಡ್. ಯಾರಿಗೂ ಗೊತ್ತಾಗಬಾರದು, ನೀನೇ ಒತ್ತು ಎಂದು ಕುರ್ಚಿ ಬಿಟ್ಟುಕೊಟ್ಟಳು. ನಾನು ಸೆರಗು ಸಿಕ್ಕಿಸಿಕೊಂಡು ಕೂತೆ. ಇಬ್ಬರೂ ಹೆಗಲ ಮೇಲಿಂದ ಇಣುಕುತ್ತಿದ್ದರು. ನನ್ನ ನೋಟಕ್ಕೆ ಅವಳು ಆ ಕಡೆ ತಿರುಗಿದಳು.

"ರೀ, ನೀವೂ ಆ ಕಡೆ ತಿರುಗಿ" ಎಂದೆ.

ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ, ಹೇಳಿದ ಕೂಡಲೇ ತಿರುಗಿದರು.