ಅತ್ತೆಯೂ ಊದಿದರು

ಕುಡಿಯದೆ ನಾನು ತೂರಾಡಿದ್ದು ಒಂದೇ ದಿನ. ನಗು ತಡೆಯಲಾರದೆ ಕೋರ್ಟಿನ ಗೋಡೆ ಹಿಡಿದು ನಿಂತಿದ್ದೆ.

ಆಗ ಕುಡಿತ ಬಿಟ್ಟು ವರ್ಷ ದಾಟಿತ್ತು. ಅದಕ್ಕೂ ಮುಂಚೆಯೇ ಹೆಂಡತಿ ಮಗಳನ್ನು ಕರೆದುಕೊಂಡು ಚಿಗಟೇರಿಯ ತವರಿಗೆ ಹೋಗಿ ಕೇಸು ಹಾಕಿದ್ದಳು. ಅವಳ ತಪ್ಪೇನಿಲ್ಲ, ನಾನಾಗಿದ್ದರೆ ಇನ್ನೂ ಬೇಗ ಹೋಗುತ್ತಿದ್ದೆ. ವಾರಕ್ಕೊಮ್ಮೆ ಕೋರ್ಟಿನಲ್ಲಿ ಆಪ್ತಸಮಾಲೋಚಕಿಯ ಮುಂದೆ ನಾನು ಕುಡಿದದ್ದನ್ನು ಪತ್ತೆ ಹಚ್ಚುವ ಮಷಿನ್ನಿಗೆ ಊದಬೇಕು. ಸೊನ್ನೆ ಬಂದರೆ ಸಂಜೆಯವರೆಗೆ ಮಗಳು ನನ್ನ ಜೊತೆ. ಒಂದೇ ಒಂದು ಸಲ ಕೆಂಪು ದೀಪ ಹತ್ತಿದರೂ ಭೇಟಿ ಬಂದ್.

ಆ ವಾರ ನನಗೆ ಕೆಮ್ಮು. ಊದುವಾಗ ಕೆಮ್ಮಿದರೆ ಮಷಿನ್ನು ಏನಾದರೂ ಎಡವಟ್ಟು ಮಾಡೀತೆಂದು ಹೆದರಿ, ಕೊಟ್ಟೂರಿನಿಂದ ಹೊರಡುವಾಗ ಅವ್ವ ಕೊಟ್ಟಿದ್ದ ಅರಿಷ್ಟವನ್ನು ಕೋರ್ಟಿನ ಗೇಟಿನಲ್ಲೇ ಎರಡು ಮುಚ್ಚಳ ಕುಡಿದೆ. ಐದು ತಾಲ್ಲೂಕಿನ ಬಾಟಲಿಗಳನ್ನೆಲ್ಲ ಬಲ್ಲ ನನಗೆ ಆ ಔಷಧದ ಬಾಟಲಿಯ ಗುಟ್ಟು ಗೊತ್ತಿರಲಿಲ್ಲ. ಒಳಗೆ ಹೋಗಿ ಊದಿದೆ. ಕೀಂ ಎಂದು ಕೆಂಪು ದೀಪ ಹತ್ತಿತು.

ಕೆಮ್ಮಿನ ಔಷಧಿ ಅಷ್ಟೇ ಎಂದು ಬಾಟಲಿ ತೆಗೆದು ತೋರಿಸಿದೆ.

ಮಗಳನ್ನು ಕರೆತಂದು ಹೊರಗೆ ಕೂರಿಸಿದ್ದ ಅತ್ತೆ ಪಕ್ಕದಲ್ಲಿ ಕೂತಿದ್ದರು. ಲಿಂಗಪೂಜೆಯಾಗದೆ ಹನಿ ನೀರು ಮುಟ್ಟದ ಹೆಂಗಸು. ಕೇಸು ಶುರುವಾದಾಗಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದರು.

"ಸುಳ್ಳು ನೋಡ್ರಿ ಮೇಡಂ!" ಎಂದು ಎದ್ದು ನಿಂತರು. "ಮಂಡಿನೋವಿಗೆ ನಾನೂ ದಿನಾ ಇದನ್ನ ಕುಡಿತೀನಿ. ಈಗ ಹೊರಗ ಮಂಡಕ್ಕಿ ತಿಂದು ಎರಡು ಮುಚ್ಚಳ ಕುಡದು ಬಂದೀನಿ. ಔಷಧಕ್ಕ ದೀಪ ಹತ್ತತೈತೇನು? ತರ್ರಿ ಇಲ್ಲಿ, ನಾನೂ ಊದತೀನಿ!"

ಸೆರಗು ಸೊಂಟಕ್ಕೆ ಸಿಗಿಸಿ, ಒಲೆ ಊದುವಂತೆ ಕೆನ್ನೆ ಉಬ್ಬಿಸಿ ಊದಿದರು. ಮಷಿನ್ನು ಕಿರುಚಿಕೊಂಡಿತು. ಅಂಕಿ ನನ್ನದಕ್ಕಿಂತ ಹೆಚ್ಚು!

"ಶಿವನ!" ಎಂದು ಅತ್ತೆ ಕುರ್ಚಿಗೆ ಕುಸಿದರು. ಸಮಾಲೋಚಕಿ ಫೈಲನ್ನು ಮುಖಕ್ಕೆ ಅಡ್ಡ ಹಿಡಿದರೂ ಭುಜ ಕುಣಿಯುವುದು ಕಾಣುತ್ತಿತ್ತು. ನಾನಂತೂ ಗೋಡೆಗೆ ಆತುಕೊಂಡೆ. ನಗು ಮುಗಿದ ಮೇಲೆ ಸಮಾಲೋಚಕಿ ಬಿಡಿಸಿ ಹೇಳಿದರು: ಅರಿಷ್ಟ ಹುಳಿ ಬರಿಸಿ ಮಾಡಿದ್ದು, ಅದರಲ್ಲೇ ಅಷ್ಟಿಷ್ಟು ಮದ್ಯ ಇರುತ್ತದೆ, ಬಾಯಲ್ಲಿ ಉಳಿದರೆ ಮಷಿನ್ನು ಮೋಸ ಹೋಗುತ್ತದೆ. ಬಾಯಿ ತೊಳೆದು ಇಪ್ಪತ್ತು ನಿಮಿಷ ಕಾಯಬೇಕು.

ನಲ್ಲಿಯ ಹತ್ತಿರ ಅತ್ತೆ ಅಳಿಯ ಇಬ್ಬರೂ ಗಳಗಳ ಬಾಯಿ ಮುಕ್ಕಳಿಸಿದೆವು.

"ಇದನ್ನ ಊರಾಗ ಯಾರಿಗೂ ಹೇಳಬ್ಯಾಡ್ರಿ," ಎಂದರು. ಎಷ್ಟೋ ತಿಂಗಳ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು.

ಮತ್ತೆ ಊದಿದೆವು. ಅವರದೂ ಸೊನ್ನೆ, ನನ್ನದೂ ಸೊನ್ನೆ. ಕುಣಿಯುವುದೊಂದು ಬಾಕಿ. ಗೆದ್ದ ಗತ್ತಿನಲ್ಲಿ ಹೊರಗೆ ಬಂದೆ.

ಬೇವಿನ ಕಟ್ಟೆಯ ಮೇಲೆ ಕೂತಿದ್ದ ಆರು ವರ್ಷದ ಮಗಳು ಓಡಿಬಂದು ನನ್ನ ಅಂಗಿ ಜಗ್ಗಿ ಬಗ್ಗಿಸಿದಳು. ಬಾಯಿಯ ಹತ್ತಿರ ಮೂಗು ತಂದು ಮೂಸಿದಳು. ಮೊದಲಿನಿಂದಲೂ ಹಾಗೆಯೇ. ಮೂಸಿದ ಮೇಲೆಯೇ ಅಪ್ಪನ ತೊಡೆ ಏರಬೇಕೋ ಮಂಚದ ಕೆಳಗೆ ಸೇರಬೇಕೋ ಎಂದು ಲೆಕ್ಕ ಹಾಕುತ್ತಿದ್ದಳು. ನಗುವೆಲ್ಲ ಇಳಿದುಹೋಗಿ ನನಗೆ ನಾಚಿಕೆಯಾಯಿತು. ಅರಿಷ್ಟದ ವಾಸನೆ ಇನ್ನೂ ಹೋಗಿರಲಿಲ್ಲ. ಅವಳು ಇನ್ನೊಮ್ಮೆ ಮೂಸಿದಳು. ನಾನು ಅಲುಗಾಡದೆ ಬಗ್ಗಿಯೇ ನಿಂತೆ.

"ಔಷಧಿ ಐತಿ," ಎಂದು ಅಜ್ಜಿಗೆ ಕೂಗಿ ಹೇಳಿ, ನನ್ನ ಕೈ ಹಿಡಿದುಕೊಂಡಳು.