ನಿನ್ನೆಯ ನೀರು

ನಮ್ಮ ಮತ್ತಿಕೆರೆಯ ಮನೆಗೆ ನೀವು ಬಂದರೆ, ಬಚ್ಚಲಿನ ಪಕ್ಕದ ಮೂಲೆಯಲ್ಲಿ ಮುಚ್ಚಳ ಹಾಕಿದ ಒಂದು ಮಣ್ಣಿನ ಮಡಕೆ ನಿಮ್ಮ ಕಣ್ಣಿಗೆ ಬಿದ್ದೇ ಬೀಳುತ್ತದೆ. ಅದರ ತುಂಬ ನೀರಿರುತ್ತದೆ. ಆದರೆ ಆ ನೀರನ್ನು ಯಾರೂ ಕುಡಿಯುವುದಿಲ್ಲ, ಅದರಲ್ಲಿ ಕೈಕಾಲು ತೊಳೆಯುವುದಿಲ್ಲ, ಬಾಡುತ್ತಿರುವ ಮಲ್ಲಿಗೆ ಬಳ್ಳಿಗೂ ಅದನ್ನು ಹಾಕುವುದಿಲ್ಲ. ಬಂದವರು "ಇದೇನ್ರೀ ಇದು?" ಎಂದು ಕೇಳಿದರೆ ನಾನು ಸಾಮಾನ್ಯವಾಗಿ ಮಾತು ಮರೆಸಿಬಿಡುತ್ತೇನೆ. ಆದರೆ ನೀವು ಸ್ನೇಹಿತರು, ಬಿಸಿಲೂ ಹೊರಗೆ ಕಾಲಿಡಲು ಬಿಡುತ್ತಿಲ್ಲ, ಕೂತುಕೊಳ್ಳಿ, ಹೇಳುತ್ತೇನೆ.

ನಮ್ಮಮ್ಮನಿಗೆ ನಿನ್ನೆಯ ನೀರೆಂದರೆ ಆಗದು. ಬೆಳಗಾದರೆ ಸಾಕು, ಮನೆಯಲ್ಲಿರುವ ಕೊಡ, ಬಿಂದಿಗೆ, ಹೂಜಿಗಳನ್ನೆಲ್ಲ ಅಂಗಳದಲ್ಲಿ ಬೋರಲು ಹಾಕಿ, ಹುಣಸೆಹಣ್ಣು ಬೂದಿಯಲ್ಲಿ ತಿಕ್ಕಬೇಕಾದ್ದನ್ನು ತಿಕ್ಕಿ, ತೊಳೆಯಬೇಕಾದ್ದನ್ನು ತೊಳೆದು, ಬಾವಿಯಿಂದ ಹೊಸ ನೀರು ಸೇದಿ ತುಂಬಿದ ಮೇಲೆಯೇ ನಮಗೆ ಕಾಫಿಯ ಯೋಗ. ರಾತ್ರಿ ಕಳೆದ ನೀರು ತಂಗಳು, ಅದನ್ನು ಮನೆಯವರಿಗೆ ಕೊಡುವುದು ಪಾಪ ಎಂದು ಅವಳ ತವರಿನವರು ಹೇಳಿಕೊಟ್ಟಿದ್ದರು. ಮೀನಿನ ಹೆಸರೆತ್ತಿದರೆ ಸೆರಗಿನಿಂದ ಮೂಗು ಮುಚ್ಚಿಕೊಳ್ಳುವ ಇಂಥ ಮನೆಗೆ ನಮ್ಮಣ್ಣ ಒಂದು ದಿನ ಗಾಜಿನ ತೊಟ್ಟಿಯನ್ನೂ ಅದರೊಳಗೆ ಎರಡು ಚಿನ್ನದ ಬಣ್ಣದ ಮೀನುಗಳನ್ನೂ ಹೊತ್ತು ತಂದ. ವರ್ಗವಾಗಿ ಊರು ಬಿಡುತ್ತಿದ್ದ ಸ್ನೇಹಿತನೊಬ್ಬ ಕೊಟ್ಟದ್ದಂತೆ. "ಅಯ್ಯೋ ರಾಮ, ಇದೊಂದು ಬಾಕಿ ಇತ್ತು ನೋಡು" ಎಂದು ಅಮ್ಮ ಹಣೆ ಚಚ್ಚಿಕೊಂಡಳು. ವಾರ ಕಳೆಯುವಷ್ಟರಲ್ಲಿ ಅವಳೇ ತೊಟ್ಟಿಯ ಮುಂದೆ ಕೂತು ಅವರೆಕಾಯಿ ಬಿಡಿಸತೊಡಗಿದ್ದಳು.

ಆ ಚಳಿಗಾಲದಲ್ಲಿ ಅಣ್ಣನಿಗೆ ಕೆಮ್ಮು ಹಿಡಿಯಿತು. ಯಶವಂತಪುರದ ಕೆಲಸಕ್ಕೆ ಸೈಕಲ್ ತುಳಿದು ಹೋಗಿಬರುವುದೇ ಕಷ್ಟವಾಗಿ, ಕೊನೆಗೆ ಕ್ಷಯದ ಆಸ್ಪತ್ರೆ ಸೇರಿದ. ಹೊರಡುವಾಗ ಅತ್ತಿಗೆಗೆ, "ಜಯಾ, ನಾನು ಬರೋವರೆಗೂ ಇವೆರಡನ್ನ ಜೋಪಾನವಾಗಿ ನೋಡ್ಕೋ" ಎಂದ. ಹೋಗುವವನು ಆಡುವ ಸಾಧಾರಣ ಮಾತು. ಅತ್ತಿಗೆ ಅದನ್ನು ಹಿಡಿದುಕೊಂಡರು ನೋಡಿ! ಮೀನು ಇರುವ ತನಕ ಗಂಡನಿಗೇನೂ ಆಗುವುದಿಲ್ಲ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಮನೆಯಲ್ಲಿ ಅದು ಎಲ್ಲರಿಗೂ ತಿಳಿದಿತ್ತು, ಮೂಢನಂಬಿಕೆಗಳನ್ನು ಆಡಿಕೊಂಡು ನಗುವ ನನಗೂ.

ಅಷ್ಟರಲ್ಲಿ ಬೇಸಿಗೆ ಬಂತು. ನಮ್ಮದು ತಗಡಿನ ಸೂರು; ಮಧ್ಯಾಹ್ನವಾದರೆ ಮನೆಯೊಳಗೆ ಕೂತವರ ನೆತ್ತಿ ಸುಡುತ್ತಿತ್ತು. ಮೀನುಗಳು ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ತೆರೆದು ಮುಚ್ಚುವುದನ್ನು ನೋಡಿ ಅತ್ತಿಗೆಗೆ ಅನ್ನ ಇಳಿಯದಾಯಿತು. ಕಿಟಕಿಯ ಬಳಿಯಿದ್ದ ತೊಟ್ಟಿಯನ್ನು ನಡುಮನೆಯ ಕತ್ತಲೆ ಮೂಲೆಗೆ ಸಾಗಿಸಿ, ಕೆಳಗೆ ಒದ್ದೆ ಮರಳು ಹಾಸಿ, ಸುತ್ತಲೂ ನೆನೆಸಿದ ಗೋಣಿಚೀಲ ಸುತ್ತಿದರು. ಅದು ಒಣಗಿದಂತೆಲ್ಲ ಮತ್ತೆ ನೀರು ಚಿಮುಕಿಸುವರು, ಬೀಸಣಿಗೆಯಿಂದ ಗಾಳಿ ಹಾಕುವರು, ಚೊಂಬಿನಲ್ಲಿ ತೊಟ್ಟಿಯ ನೀರನ್ನೇ ಮೊಗೆದು ಮೇಲಿಂದ ಸಣ್ಣಗೆ ಸುರಿಯುವರು. ಆಸ್ಪತ್ರೆಯಲ್ಲಿ ಗಂಡನ ಮಂಚದ ಪಕ್ಕ ಕೂರಲು ಅಪ್ಪಣೆ ಸಿಗದ ಆ ಹೆಂಗಸು ಅಲ್ಲಿ ತಾನು ಮಾಡಲಾಗದ ಶುಶ್ರೂಷೆಯನ್ನೆಲ್ಲ ಆ ಮೂಲೆಯಲ್ಲಿ ಮಾಡುತ್ತಿದ್ದರು.

ಒಂದು ಮಧ್ಯಾಹ್ನ ಅತ್ತಿಗೆ ನಿದ್ದೆ ತಡೆಯಲಾರದೆ ಗೋಡೆಗೊರಗಿದ್ದಾಗ, ಅಮ್ಮ ತೊಟ್ಟಿಗೆ ಕೈ ಅದ್ದಿ ನೋಡಿದಳು. ನೀರು ಬೆಚ್ಚಗಿತ್ತು. "ಪಾಪ, ನಾವು ಹೂಜಿ ನೀರು ಕುಡ್ಕೊಂಡು ಇವಕ್ಕೆ ತಂಗಳು ನೀರು ಇಟ್ಟಿದೀವಲ್ಲ" ಎಂದು ಮರುಗಿ, ಹಳೆಯ ನೀರನ್ನು ಪೂರ್ತಿ ಚೆಲ್ಲಿ, ಆಗತಾನೇ ಸೇದಿದ ಬಾವಿಯ ತಣ್ಣನೆಯ ನೀರನ್ನು ತುಂಬಿದಳು. ಮಕ್ಕಳಿಗೆ ಹೇಗೆ ಕೊಡುತ್ತಿದ್ದಳೋ ಹಾಗೆಯೇ ಕೊಟ್ಟಳು. ಸಂಜೆಯ ಹೊತ್ತಿಗೆ ಎರಡರಲ್ಲಿ ಒಂದು ಮೀನು ಹೊಟ್ಟೆ ಮೇಲಾಗಿ ತೇಲಿತು.

"ಎಂಥಾ ಬಿಸಿಲೋ, ಇಷ್ಟು ಮಾಡಿದ್ರೂ ಉಳೀಲಿಲ್ಲ ಕಣೇ" ಎಂದು ಅಮ್ಮ ಕಣ್ಣೊರೆಸಿಕೊಂಡಳು. ಅತ್ತಿಗೆ ತೊಟ್ಟಿಯ ಹೊಸ ನೀರಿಗೆ ಕೈ ಇಳಿಸಿ ಸತ್ತ ಮೀನನ್ನು ಎತ್ತಿಕೊಂಡರು.

ಭಾನುವಾರ ಅತ್ತಿಗೆಯನ್ನು ಕರೆದುಕೊಂಡು ನಾನೂ ಆಸ್ಪತ್ರೆಗೆ ಹೋದೆ. ಅಣ್ಣ ದೂರದಿಂದಲೇ, "ಮೀನು ಹೇಗಿವೆ?" ಎಂದ.

"ಎರಡೂ ಚೆನ್ನಾಗಿವೆ ಕಣ್ರೀ."

ನಾನು ನೆಲ ನೋಡಿದೆ. ಅಣ್ಣ ಸ್ವಲ್ಪ ಹೊತ್ತು ಕೆಮ್ಮಿ, ಸುಧಾರಿಸಿಕೊಂಡು, "ಒಂದು ಹೇಳೋದು ಮರ್ತಿದ್ದೆ. ಯಾವತ್ತೂ ಪೂರ್ತಿ ನೀರು ಚೆಲ್ಲಬೇಡಿ. ಬತ್ತಿದಷ್ಟಕ್ಕೆ ಒಂದು ಚೊಂಬು ಹಾಕಿ, ಅದೂ ಹಿಂದಿನ ದಿನ ಸೇದಿಟ್ಟಿದ್ದು. ಅವಕ್ಕೆ ನಿನ್ನೆ ನೀರೇ ಆಗೋದು. ಅಮ್ಮನಿಗೂ ಹೇಳು" ಎಂದ.

"ಹೇಳ್ತೀನಿ" ಎಂದರು ಅತ್ತಿಗೆ.

ಹೇಳಲಿಲ್ಲ. ಹಿಂತಿರುಗುವಾಗ ನನ್ನ ಕಡೆ ತಿರುಗಿ, "ನೀನೂ ಹೇಳಬೇಡಪ್ಪ, ಅತ್ತೆ ತಡ್ಕೊಳಲ್ಲ" ಎಂದರು. ಮಾರನೆಯ ದಿನದಿಂದ ಬಚ್ಚಲ ಮೂಲೆಯಲ್ಲಿ ಈ ಮಡಕೆ ಕೂತಿತು. "ಯಾಕೇ ಜಯಾ ಈ ತಂಗಳು ನೀರು?" ಎಂದು ಅಮ್ಮ ಗೊಣಗಿದರೆ, "ಇರ್ಲಿ ಬಿಡಿ ಅತ್ತೆ" ಎನ್ನುವರು. ಉಳಿದ ಒಂದು ಮೀನು ಆ ಬೇಸಿಗೆಯನ್ನು ಹೇಗೋ ದಾಟಿತು.

ಅಣ್ಣ ದಾಟಲಿಲ್ಲ. ಮೊದಲ ಮಳೆ ಇನ್ನೂ ಬಿದ್ದಿರಲಿಲ್ಲ.

ಸಾವಾದ ಮನೆಯಲ್ಲಿ ಕೂಡಿಟ್ಟ ನೀರನ್ನು ಉಳಿಸಿಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ಯಲಹಂಕದಿಂದ ಬಂದಿದ್ದ ನಮ್ಮ ಸೋದರಮಾವ ಹಿರಿಯರಾಗಿ ನಿಂತು, "ಮನೇಲಿರೋ ನೀರೆಲ್ಲ ಚೆಲ್ಲಿಬಿಡ್ರಮ್ಮ, ಒಂದು ಹನೀನೂ ಇರಬಾರ್ದು" ಎಂದರು. ಕೊಡಗಳು ಬರಿದಾದವು, ಹೂಜಿ ಬರಿದಾಯಿತು. ಯಾರೋ ನಡುಮನೆಯ ತೊಟ್ಟಿಗೆ ಕೈ ಹಾಕಿದಾಗ, ಅಲ್ಲಿಯವರೆಗೆ ಅಳದೆ ಕೂತಿದ್ದ ಅತ್ತಿಗೆ ಎದ್ದು ಹೋಗಿ ಅದನ್ನು ಎರಡು ಕೈಯಿಂದ ತಬ್ಬಿಕೊಂಡರು. "ಮೈಲಿಗೆ ಕಣಮ್ಮ, ಬಿಡು" ಎಂದರು ಮಾವ. ಆಗ ಮೂಲೆಯಿಂದ ಅಮ್ಮನ ಧ್ವನಿ ಬಂತು. ಹುಟ್ಟಿದಾರಭ್ಯ ದಿನಬೆಳಗಾದರೆ ನಿನ್ನೆಯ ನೀರನ್ನು ಚೆಲ್ಲುತ್ತಲೇ ಬಂದವಳು ಅವಳು.

"ಅದನ್ನ ಮುಟ್ಟಬೇಡಿ. ಅದು ನಿನ್ನೆ ನೀರು. ನನ್ನ ಮಗ ಇದ್ದಾಗಿನದು."

ಯಾರೂ ಮುಟ್ಟಲಿಲ್ಲ.

ಹೊಸದು ಒಳ್ಳೆಯದು, ಹಳೆಯದನ್ನು ಚೆಲ್ಲಿ ಮುಂದೆ ಸಾಗಬೇಕು ಎಂದು ನಮಗೆ ಬುದ್ಧಿ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಅತ್ತಿಗೆಗೂ ಹೇಳಿದರು, ಧಾರಾಳವಾಗಿ ಹೇಳಿದರು. ಕೇಳಿ ಕೇಳಿ ನನಗೇ ಮೈ ಉರಿಯುತ್ತಿತ್ತು. ದುಃಖವೂ ಒಂದೇ ಸಲಕ್ಕೆ ಬದಲಾಯಿಸಬಹುದಾದ ವಸ್ತುವಲ್ಲ, ಸ್ವಾಮಿ. ಕೆಲವರ ಪ್ರಾಣ ನಿಂತಿರುವುದೇ ನಿನ್ನೆಯಲ್ಲಿ. ಇವತ್ತನ್ನು ಅವರಿಗೆ ಚೂರು ಚೂರಾಗಿ ಬೆರೆಸಿ ಕೊಡಬೇಕು.

ಆ ಮೀನು ಹೋಗಿಯೂ ಈಗ ಎಷ್ಟೋ ಕಾಲವಾಯಿತು. ತೊಟ್ಟಿ ಅಟ್ಟದ ಮೇಲಿದೆ. ಮಡಕೆಯ ಪಾಲನೆಯನ್ನು ಮಾತ್ರ ಅತ್ತಿಗೆ ಬಿಟ್ಟಿಲ್ಲ. ಅವರು ನಿನ್ನೆ ತವರಿಗೆ ಹೋಗಿದ್ದಾರೆ. ಈ ಬೆಳಿಗ್ಗೆ ಅಮ್ಮ ಕೊಡ, ಬಿಂದಿಗೆಗಳನ್ನೆಲ್ಲ ಎಂದಿನಂತೆ ಬೋರಲು ಹಾಕುತ್ತ ಬಂದು ಮಡಕೆಯ ಮುಂದೆ ನಿಂತಾಗ ತಡೆಯಲೆಂದು ನಾನು ಎದ್ದೆ. ಅವಳು ಮುಚ್ಚಳ ತೆಗೆದು ನೋಡಿದಳು. ಬಿಸಿಲಿಗೆ ಸ್ವಲ್ಪ ಬತ್ತಿತ್ತು. ಬತ್ತಿದಷ್ಟಕ್ಕೆ ಒಂದು ಚೊಂಬು ನೀರು ಸೇರಿಸಿ, ಮತ್ತೆ ಮುಚ್ಚಿದಳು.

ಅತ್ತಿಗೆ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಪೂರ್ತಿ ನೀರು ಚೆಲ್ಲಬಾರದಿತ್ತೆಂಬುದು ಅಮ್ಮನಿಗೆ ಯಾವಾಗ ಗೊತ್ತಾಯಿತೋ, ಗೊತ್ತಾದ ಮೇಲೆ ಇಷ್ಟು ವರ್ಷ ಹೇಗೆ ಸುಮ್ಮನಿದ್ದಳೋ, ಕೇಳುವ ಧೈರ್ಯ ನನಗಿಲ್ಲ.